ಮೇಜಿನ ಮೇಲೆ ಎಲ್ ಅಲಮೇನ್: ಮೈನ್‌ಗಳಿಗೆ ನಾನು ನಿಯಮ ಬರೆದಿದ್ದು

ಪುಟ್ಟ ಟ್ಯಾಂಕುಗಳನ್ನಿಟ್ಟು ಹಳೇ ಯುದ್ಧಗಳನ್ನು ಮೇಜಿನ ಮೇಲೆ ಆಡುವುದು ನಮ್ಮ ಗೆಳೆಯರ ಹವ್ಯಾಸ. ಈ ಸಲ ನಾನು ಆರಿಸಿಕೊಂಡಿದ್ದು ಈಜಿಪ್ಟಿನ ಎಲ್ ಅಲಮೇನ್, 1942ರ ಅಕ್ಟೋಬರ್ 23ರ ರಾತ್ರಿ. ಬ್ರಿಟಿಷರ ದಾಳಿ ತಡೆಯಲು ಜರ್ಮನ್ ಸೇನಾಪತಿ ರೊಮೆಲ್‌ನ ಸೇನೆ ಅಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಮೈನ್, ಅಂದರೆ ಭಾರ ಬಿದ್ದರೆ ಸಿಡಿಯುವ ನೆಲಬಾಂಬ್ ಹೂತಿತ್ತು. ಬಹುಪಾಲು ಟ್ಯಾಂಕುಗಳಿಗೆಂದೇ ಇಟ್ಟವು. ಬ್ರಿಟಿಷರಿಂದ ಕಿತ್ತುಕೊಂಡವೂ ಅದರಲ್ಲಿ ಬೇಕಾದಷ್ಟಿದ್ದವು.

ಮೈನ್ ಮಾಡುವುದೇನೂ ಕಷ್ಟವಾಗಲಿಲ್ಲ. ಜರ್ಮನರ ಟೆಲ್ಲರ್‌ಮೈನ್ 42 ಸುಮಾರು 32 ಸೆಂ.ಮೀ. ಅಗಲದ ಬಿಲ್ಲೆ. ಒಳಗೆ 5.5 ಕೆಜಿ ಸ್ಫೋಟಕ. ನಮ್ಮ 1:72 ಅಳತೆಗೆ ಇಳಿಸಿದರೆ ನಾಲ್ಕೂವರೆ ಮಿ.ಮೀ. ಸೀರೆಗೆ ಹೊಲಿಯುವ ಚಿಕ್ಕ ಚಮಕಿ ಸಾಕು! ಮರಳಿನ ಬಣ್ಣ ಬಳಿದೆ, ಮುಗಿಯಿತು.

ತಲೆ ತಿಂದಿದ್ದು ನಿಯಮ. ಮೊದಲು ಬೇಕಂತಲೇ ಬರೀ ಮೈನ್ ಪಟ್ಟಿ ಇಟ್ಟು ಆಡಿಸಿದೆ, ಹಿಂದೆ ಒಂದೂ ಗನ್ ಇಲ್ಲ. ಸ್ಯಾಪರ್‌ಗಳು, ಅಂದರೆ ಮೈನ್ ತೆಗೆಯುವ ಸೈನಿಕರು, ನಿಧಾನವಾಗಿ ದಾರಿ ಬಿಡಿಸಿದರು, ಟ್ಯಾಂಕುಗಳು ಸಾಲಾಗಿ ದಾಟಿದವು. ಆಮೇಲೆ ಪಟ್ಟಿಯ ಹಿಂದೆ ಟ್ಯಾಂಕ್ ಒಡೆಯುವ ಒಂದು 88 ಎಂಎಂ ಗನ್, ಎರಡು ಮಷಿನ್‌ಗನ್ ಇಟ್ಟೆ. ಆಟವೇ ಬೇರೆಯಾಯಿತು. ಸ್ಯಾಪರ್ ತಲೆ ಎತ್ತುವ ಹಾಗಿಲ್ಲ. ಚೈನ್ ಹರಿದು ನಿಂತ ಒಂದು ಟ್ಯಾಂಕ್ ಇಡೀ ದಾರಿಗೆ ಅಡ್ಡ. ಹಿಂದಿನವು ಗನ್ನಿನ ಮುಂದೆ ಸುಮ್ನೆ ನಿಂತಿವೆ. ಮೈನ್‌ಗೆ ಸಿಕ್ಕ ಟ್ಯಾಂಕನ್ನು ಎಷ್ಟೋ ಸಲ ರಿಪೇರಿ ಮಾಡಬಹುದಿತ್ತು. ಹಾಗಾಗಿ ನನ್ನ ನಿಯಮದಲ್ಲಿ ಮೈನ್ ಟ್ಯಾಂಕನ್ನು ಕೊಲ್ಲುವುದಿಲ್ಲ, ನಿಲ್ಲಿಸುತ್ತದೆ. ಕೊಲ್ಲುವುದು ಗನ್.

ಮೇಜಿನ ಎರಡೂ ಪಕ್ಕ ಮುಚ್ಚಿದೆ. ಅಲಮೇನ್‌ನಲ್ಲೂ ಹಾಗೇ ಅಲ್ವಾ? ಉತ್ತರಕ್ಕೆ ಸಮುದ್ರ, ದಕ್ಷಿಣಕ್ಕೆ ಟ್ಯಾಂಕ್ ಇಳಿಯಲಾಗದ ಕಟಾರಾ ತಗ್ಗು. ಸುತ್ತಿ ಹೋಗಲು ಜಾಗವಿದ್ದಿದ್ದರೆ ಅಷ್ಟು ಮೈನ್ ಹೂತೂ ಏನು ಪ್ರಯೋಜನ?

ಕಾಲಾಳುಗಳಿಗೆ ಬೇರೆ ನಿಯಮ. ಟ್ಯಾಂಕಿಗೆಂದು ಇಟ್ಟ ಮೈನ್ ಸಾಮಾನ್ಯವಾಗಿ ಮನುಷ್ಯನ ಭಾರಕ್ಕೆ ಸಿಡಿಯುವುದಿಲ್ಲ. ಬ್ರಿಟಿಷರು ಕಾಲಾಳುಗಳನ್ನೇ ಮುಂದೆ ಕಳಿಸಿದ್ದು ಅದಕ್ಕೇ, ಆ ಕಾರ್ಯಾಚರಣೆಯ ಹೆಸರೇ ‘ಲೈಟ್‌ಫುಟ್’, ಅಂದರೆ ಹಗುರ ಹೆಜ್ಜೆ. ಜರ್ಮನರೇನು ದಡ್ಡರಲ್ಲ, ನಡುನಡುವೆ ಮನುಷ್ಯರನ್ನು ಕೊಲ್ಲುವ ಮೈನ್‌ಗಳನ್ನೂ ಬೆರೆಸಿದ್ದರು. ಅದಕ್ಕೆ ಕೆಂಪು ಚಮಕಿ.

ಸ್ಯಾಪರ್ ಕೈಲಿ ಪೋಲೆಂಡಿನ ಕೊಸಾಟ್ಸ್ಕಿ ರೂಪಿಸಿದ, ಮೈನ್ ಪತ್ತೆ ಮಾಡುವ ಡಿಟೆಕ್ಟರ್ ಇದ್ದರೆ ಒಂದು ಸರದಿಗೆ ಎರಡು ಇಂಚು ದಾರಿ. ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿ ಬಯೊನೆಟ್‌ನಿಂದ ಚುಚ್ಚಿ ಹುಡುಕಿದರೆ ಒಂದೇ. ಎಂಟನೇ ಸರದಿಗೆ ಬೆಳಗಾಗುತ್ತದೆ, ಆಮೇಲೆ ಗನ್ನಿಗೆ ಎಲ್ಲವೂ ಕಾಣುತ್ತದೆ. ಸರಪಳಿ ಬೀಸಿ ಮೈನ್ ಸಿಡಿಸುವ ‘ಸ್ಕಾರ್ಪಿಯನ್’ ಟ್ಯಾಂಕೂ ಇಟ್ಟಿದ್ದೇನೆ, ಆದರೆ ದಾಳದಲ್ಲಿ ಒಂದೋ ಎರಡೋ ಬಿದ್ದರೆ ಎಂಜಿನ್ ಕಾದು ಅಲ್ಲೇ ನಿಲ್ಲುತ್ತದೆ.