ತೂಕದ ಯಂತ್ರ ಏನು ಹೇಳಬೇಕು, ಹೇಗೆ ಹೇಳಬೇಕು

ನಮ್ಮ ದೊಡ್ಡಪ್ಪನವರು ಬೆಳಿಗ್ಗೆ ಕಾಫಿಗೂ ಮೊದಲೇ ತೂಕದ ಯಂತ್ರ ಹತ್ತುತ್ತಿದ್ದರು. ಮೂರು ತಿಂಗಳಲ್ಲಿ ಅವರ ತೂಕ 64 ಕೆಜಿಯಿಂದ 59ಕ್ಕೆ ಇಳಿಯಿತು. ಪ್ರತಿ ಸಲವೂ ಯಂತ್ರಕ್ಕೆ ಜೋಡಿಸಿದ ಮೊಬೈಲ್ ಪರದೆಯ ಮೇಲೆ ಹಸಿರು ನಕ್ಷತ್ರವೊಂದು ಮಿನುಗಿ, ‘ಅಭಿನಂದನೆಗಳು! ನೀವು ಗೆಲ್ಲುತ್ತಿದ್ದೀರಿ’ ಎಂಬ ಸಾಲು ಬರುತ್ತಿತ್ತು, ಅದನ್ನು ಅವರು ಮನೆಮಂದಿಗೆಲ್ಲ ತೋರಿಸುತ್ತಿದ್ದರು. ಊಟ ಕಡಿಮೆ ಮಾಡಿರಲಿಲ್ಲ, ವಾಕಿಂಗ್ ಹೆಚ್ಚಿಸಿರಲಿಲ್ಲ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವುದನ್ನು ಗಮನಿಸಿ ದೊಡ್ಡಮ್ಮ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ದಾಗಲೇ ಸಕ್ಕರೆ ಕಾಯಿಲೆ ವಿಪರೀತಕ್ಕೆ ಏರಿರುವುದು ತಿಳಿದದ್ದು. ಯಂತ್ರ ತೋರಿಸಿದ ಅಂಕಿ ಸರಿಯಾಗಿಯೇ ಇತ್ತು. ಅದರ ಪಕ್ಕದಲ್ಲಿದ್ದ ಮಾತು ತಪ್ಪಾಗಿತ್ತು. ಇಂತಹ ಸಾಧನಗಳಿಗೆ ಕನ್ನಡದಲ್ಲಿ ಸಂದೇಶ ಬರೆಯುವವರಿಗಾಗಿ ಈ ಕೆಲವು ಸೂಚನೆಗಳನ್ನು ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ವಾಕ್ಯದ ಕರ್ತೃ ತೂಕವೇ ಆಗಿರಲಿ, ಮನುಷ್ಯರಾಗುವುದು ಬೇಡ. ‘ನೀವು ಸ್ಥೂಲಕಾಯರು’, ‘ನೀವು ಗುರಿ ತಪ್ಪಿದ್ದೀರಿ’ ಎಂಬ ಮಾತುಗಳು ವ್ಯಕ್ತಿಯನ್ನೇ ಅಳೆದು ತೀರ್ಪು ಕೊಡುತ್ತವೆ. ‘ಈ ವಾರದ ಸರಾಸರಿ ತೂಕ 68.4 ಕೆಜಿ; ಕಳೆದ ವಾರಕ್ಕಿಂತ 300 ಗ್ರಾಂ ಹೆಚ್ಚು’ ಎಂಬುದು ಅಳತೆಯನ್ನು ಮಾತ್ರ ಹೇಳುತ್ತದೆ. ಏರಿದೆ, ಇಳಿದಿದೆ, ಹಾಗೆಯೇ ಇದೆ ಎಂಬ ಮೂರು ಕ್ರಿಯಾಪದಗಳಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಬೊಜ್ಜು, ದಪ್ಪ, ದಢೂತಿ ಎಂಬ ಪದಗಳು ಶಾಲೆಯ ಅಂಗಳದಲ್ಲಿ ಅಡ್ಡಹೆಸರುಗಳಾಗಿ ಬಳಕೆಯಾದವು, ಅವುಗಳ ಗಾಯ ಅನೇಕರಲ್ಲಿ ಇನ್ನೂ ಮಾಗಿಲ್ಲ. ಅವನ್ನು ಬೆಳಗಿನ ಹೊತ್ತು ಯಂತ್ರದ ಬಾಯಲ್ಲಿ ಹೇಳಿಸಬಾರದು.

ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ನೋಡುವ ಸೂಚ್ಯಂಕದ ವರ್ಗಗಳ ವಿಷಯದಲ್ಲಿ ಹೆಚ್ಚಿನ ಎಚ್ಚರಿಕೆ ಬೇಕು. ಕೆಜಿಯಲ್ಲಿನ ತೂಕವನ್ನು ಮೀಟರಿನಲ್ಲಿನ ಎತ್ತರದಿಂದ ಎರಡು ಸಲ ಭಾಗಿಸುವ ಈ ಲೆಕ್ಕವನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ರೂಪಿಸಿದವರು ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ. ಅವರು ಹುಡುಕುತ್ತಿದ್ದದ್ದು ಜನಸಮೂಹದ ಸರಾಸರಿ ಮನುಷ್ಯನ ಲಕ್ಷಣಗಳನ್ನೇ ಹೊರತು ಒಬ್ಬೊಬ್ಬರ ಆರೋಗ್ಯವನ್ನಲ್ಲ. ಮೇಲಾಗಿ ಗಡಿಗಳೂ ಒಂದೇ ಅಲ್ಲ. 160 ಸೆಂಟಿಮೀಟರ್ ಎತ್ತರ, 60 ಕೆಜಿ ತೂಕದ ಮಹಿಳೆಯ ಬಿಎಂಐ 23.4 ಆಗುತ್ತದೆ. 25ನ್ನು ಗಡಿಯಾಗಿ ಇಟ್ಟುಕೊಂಡ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅವರದು ಸಾಮಾನ್ಯ ತೂಕ, ಭಾರತೀಯರಿಗಾಗಿ 2009ರಲ್ಲಿ ಪ್ರಕಟವಾದ ವೈದ್ಯಕೀಯ ಒಮ್ಮತದ ಪ್ರಕಾರ 23ನ್ನು ದಾಟಿದ ಅಧಿಕ ತೂಕ. ಆದ್ದರಿಂದ ವರ್ಗದ ಹೆಸರನ್ನು ಹಣೆಗೆ ಅಂಟಿಸುವ ಬದಲು ‘ನಿಮ್ಮ ಬಿಎಂಐ 23.4, ಭಾರತೀಯರಿಗೆ ಸೂಚಿಸಿರುವ 23ರ ಗಡಿಗಿಂತ ಸ್ವಲ್ಪ ಹೆಚ್ಚು. ಸೊಂಟದ ಸುತ್ತಳತೆ, ರಕ್ತದೊತ್ತಡ, ಸಕ್ಕರೆ ಪರೀಕ್ಷೆಗಳ ಜೊತೆಗಿಟ್ಟು ಇದನ್ನು ನೋಡಬೇಕು’ ಎಂದು ಬರೆಯಿರಿ. ವಾಕ್ಯ ಉದ್ದವಾದರೂ ಚಿಂತೆಯಿಲ್ಲ, ಇದು ಓದಿಸಿಕೊಳ್ಳಬೇಕಾದ ವಾಕ್ಯ.

ಮಕ್ಕಳಿಗೆ ವಯಸ್ಕರ ಈ ವರ್ಗಗಳು ಅನ್ವಯಿಸುವುದೇ ಇಲ್ಲ. ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೆಳವಣಿಗೆಯ ನಕ್ಷೆಯನ್ನು ವೈದ್ಯರೇ ನೋಡಿ ಹೇಳಬೇಕು. 2008ರಲ್ಲಿ ಬ್ರಿಟನ್ನಿನಲ್ಲಿ ನಿಂಟೆಂಡೊ ಕಂಪನಿಯ, ಆಡುವವರ ತೂಕವನ್ನೂ ಅಳೆಯುವ ‘ವೀ ಫಿಟ್’ ಎಂಬ ವ್ಯಾಯಾಮದ ವಿಡಿಯೊ ಆಟವು ಹತ್ತು ವರ್ಷದ ಹುಡುಗಿಯೊಬ್ಬಳನ್ನು ದಪ್ಪ ಎಂದು ಕರೆದದ್ದು ಸುದ್ದಿಯಾಗಿ, ಕಂಪನಿ ಕ್ಷಮೆ ಕೇಳಬೇಕಾಯಿತು. ಮಕ್ಕಳ ಖಾತೆಯಲ್ಲಿ ಅಂಕಿಯನ್ನು ದಾಖಲಿಸಿ, ಮಾತನ್ನು ಬಿಟ್ಟುಬಿಡುವುದೇ ಲೇಸು.

ದಿನದಿನದ ಏರಿಳಿತಕ್ಕೆ ಪ್ರತಿಕ್ರಿಯೆಯೇ ಬೇಡ. ಅರ್ಧ ಲೀಟರ್ ನೀರು ಕುಡಿದು ಮತ್ತೆ ಯಂತ್ರ ಹತ್ತಿದರೆ ಅರ್ಧ ಕೆಜಿ ಏರಿರುತ್ತದೆ. ಯುಗಾದಿಯ ಹೋಳಿಗೆ ಊಟದ ಮರುದಿನ ಒಂದು ಕೆಜಿ ಹೆಚ್ಚು ಕಂಡರೆ ಅದರಲ್ಲಿ ಬಹುಪಾಲು ಉಪ್ಪು ಹಿಡಿದಿಟ್ಟುಕೊಂಡ ನೀರು ಮತ್ತು ಇನ್ನೂ ಕರುಳಿನಲ್ಲಿರುವ ಊಟ. ಮೈಯಲ್ಲಿ ಒಂದು ಕೆಜಿ ಕೊಬ್ಬು ಕೂಡಬೇಕಾದರೆ ಅಗತ್ಯಕ್ಕಿಂತ ಸುಮಾರು 7,700 ಕ್ಯಾಲೊರಿ ಹೆಚ್ಚು ತಿನ್ನಬೇಕು, ಅದು ಒಂದು ಹಬ್ಬದೂಟದಲ್ಲಿ ಆಗುವ ಮಾತಲ್ಲ. ಮುಟ್ಟಿನ ಮುಂಚಿನ ದಿನಗಳಲ್ಲಿಯೂ ಅನೇಕರಿಗೆ ತೂಕ ಏರಿ ತಾನಾಗಿಯೇ ಇಳಿಯುತ್ತದೆ. ಹಾಗೆಯೇ ಏಕಾದಶಿಯ ಅಥವಾ ರಂಜಾನ್ ಉಪವಾಸದ ದಿನ ಇಳಿದ ತೂಕವನ್ನು ಹೊಗಳುವುದೂ ತಪ್ಪು. ಏಳು ದಿನಗಳ ಸರಾಸರಿಯನ್ನು ಮುಂದಿಟ್ಟು, ಇಂದಿನ ಅಂಕಿಯನ್ನು ಚಿಕ್ಕ ಅಕ್ಷರದಲ್ಲಿ ಕೊಡಿ. ಕೆಂಪು, ಹಸಿರು ಬಣ್ಣಗಳನ್ನು ತೆಗೆಯಿರಿ, ಏಕೆಂದರೆ ಬಣ್ಣವೂ ಬೈಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಹೊಗಳಿಕೆಯ ವಿಷಯ. ನಮ್ಮ ಹಿರಿಯರು ತೂಕ ಇಳಿದವರನ್ನು ಕಂಡರೆ ಮೊದಲು ಕೇಳುವುದು ‘ಯಾಕೆ ಸೊರಗಿದ್ದೀಯಪ್ಪ, ಮೈಯಲ್ಲಿ ಹುಷಾರಿಲ್ಲವಾ?’ ಎಂದು. ಆ ಪ್ರಶ್ನೆಯಲ್ಲಿ ಕಾರಣದ ಹುಡುಕಾಟವಿದೆ. ಸಾಧನವೂ ಅದನ್ನೇ ಕೇಳಲಿ. ಬಳಕೆದಾರರು ತೂಕ ಇಳಿಸುವ ಗುರಿಯನ್ನು ತಾವಾಗಿ ಇಟ್ಟುಕೊಂಡಿರದಿದ್ದರೆ, ಆರು ತಿಂಗಳಿಂದ ಒಂದು ವರ್ಷದೊಳಗೆ ತೂಕದ ಶೇ. 5ರಷ್ಟು ಇಳಿದಾಗ ‘ಆರು ತಿಂಗಳಲ್ಲಿ ತೂಕ 3.2 ಕೆಜಿ ಇಳಿದಿದೆ. ಇದು ನೀವು ಬಯಸಿ ಇಳಿಸಿದ್ದೇ? ಅಲ್ಲವಾದರೆ ದಯವಿಟ್ಟು ವೈದ್ಯರಿಗೆ ತಿಳಿಸಿ’ ಎಂಬ ಸಾಲು ಬರಬೇಕು. ಕ್ಷಯ, ಮಧುಮೇಹ, ಥೈರಾಯ್ಡ್‌ನ ಅತಿಚಟುವಟಿಕೆ, ಕ್ಯಾನ್ಸರ್ ಇವೆಲ್ಲವೂ ತೂಕ ಇಳಿಸುತ್ತವೆ. ಗುರಿ ಇಟ್ಟುಕೊಂಡವರಿಗೂ ನಡೆದ ದಿನಗಳನ್ನು, ಅಡುಗೆಯಲ್ಲಿ ಮಾಡಿಕೊಂಡ ಬದಲಾವಣೆಯನ್ನು ಮೆಚ್ಚಿ ಬರೆಯಬಹುದು, ಅಂಕಿಯನ್ನು ಮೆಚ್ಚುವುದು ಬೇಡ.

ಏರಿಕೆಗೂ ಇದೇ ನಿಯಮ. ಹೃದಯ ವೈಫಲ್ಯದ ರೋಗಿಗಳಲ್ಲಿ ಮೂರೇ ದಿನಗಳಲ್ಲಿ ಎರಡು ಕೆಜಿ ಏರಿದರೆ ಅದು ದೇಹದಲ್ಲಿ ನೀರು ತುಂಬುತ್ತಿರುವುದರ ಸೂಚನೆಯಾಗಿರಬಹುದು. ಅಂಥವರಿಗೆ ‘ಇಂದು ಊಟ ಹಗುರವಾಗಿರಲಿ’ ಎಂಬ ಸಲಹೆ ಅಪಾಯಕಾರಿ, ‘ಇಂದೇ ವೈದ್ಯರಿಗೆ ಫೋನ್ ಮಾಡಿ’ ಎಂಬುದೇ ಸರಿಯಾದ ಮಾತು. ಬಸುರಿಯರಿಗೆ ತೂಕ ಏರುವುದು ಸಹಜ ಮತ್ತು ಅಗತ್ಯ. ಬಾಣಂತಿಯರಿಗಂತೂ ‘ಹಳೆಯ ತೂಕಕ್ಕೆ ಇನ್ನು ಇಷ್ಟು ದೂರ’ ಎಂಬ ಸಾಲನ್ನು ಎಂದಿಗೂ ಕಳುಹಿಸಬೇಡಿ.

ಕೆಲವು ಯಂತ್ರಗಳು ತೋರಿಸುವ ಮೈಕೊಬ್ಬಿನ ಶೇಕಡಾವಾರು ಅಂಕಿಯ ಮುಂದೆ ‘ಅಂದಾಜು’ ಎಂಬ ಪದ ತಪ್ಪದೆ ಇರಲಿ, ಏಕೆಂದರೆ ಪಾದದ ಮೂಲಕ ಹಾಯಿಸುವ ಸಣ್ಣ ವಿದ್ಯುತ್ತಿಗೆ ಎದುರಾಗುವ ತಡೆಯಿಂದ ಅದನ್ನು ಲೆಕ್ಕ ಹಾಕುತ್ತಾರೆ, ಮೈಯಲ್ಲಿನ ನೀರಿನ ಪ್ರಮಾಣ ಬದಲಾದರೆ ಆ ಲೆಕ್ಕವೂ ಬದಲಾಗುತ್ತದೆ.

ಕೊನೆಯದಾಗಿ, ಸಂದೇಶ ಎಲ್ಲಿ ಕಾಣಿಸುತ್ತದೆ ಎಂಬುದನ್ನೂ ಯೋಚಿಸಿ. ಒಂದೇ ಮೊಬೈಲ್ ಮನೆಯವರ ಕೈಯಲ್ಲೆಲ್ಲ ಓಡಾಡುವ ನಮ್ಮಲ್ಲಿ ಬೀಗ ಹಾಕಿದ ಪರದೆಯ ಮೇಲೆ ‘ಹೊಸ ಅಳತೆ ದಾಖಲಾಗಿದೆ’ ಎಂದಷ್ಟೇ ಬರಲಿ. ಅಂಕಿ ನೋಡಿದರೆ ಊಟವೇ ಸೇರದಂತಾಗುವವರೂ ಇದ್ದಾರೆ. ಅವರಿಗಾಗಿ ‘ತೂಕ ತೋರಿಸಬೇಡ’ ಎಂಬ ಗುಂಡಿಯನ್ನು ಸೆಟ್ಟಿಂಗ್ಸ್‌ನ ಆಳದಲ್ಲಿ ಹೂಳದೆ ಮೊದಲ ಪುಟದಲ್ಲಿಯೇ ಇಡಿ. ಅದನ್ನು ಒತ್ತಿದ ಮೇಲೆ ‘ಖಚಿತವೇ?’ ಎಂದು ಮತ್ತೆ ಕೇಳಬೇಡಿ.