ಇಬ್ಬರು ಮಕ್ಕಳು, ಒಂದು ಸಂತೆಚೀಲ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಮೈಸೂರಿನ ದೇವರಾಜ ಮಾರುಕಟ್ಟೆಗೆ ಮಕ್ಕಳನ್ನು ಕಟ್ಟಿಕೊಂಡು ಹೋದೆನಲ್ಲ, ಅಷ್ಟು ದಡ್ಡತನ ಇನ್ನೊಂದಿಲ್ಲ. ಒಂದು ಕೈಯಲ್ಲಿ ಬಾಳೆಕಂದು, ಇನ್ನೊಂದರಲ್ಲಿ 3 ವರ್ಷದ ಮಗ. 6 ವರ್ಷದ ಮಗಳು ನನ್ನ ಸೆರಗು ಹಿಡಿದಿದ್ದಳು. ಹೂವಿನ ಸಾಲಿನಲ್ಲಿ ಚೌಕಾಸಿ ಮುಗಿಸಿ ತಿರುಗಿದರೆ ಸೆರಗಿನ ತುದಿಯಲ್ಲಿ ಯಾರೂ ಇಲ್ಲ. ಎದೆ ಧಸಕ್ಕೆಂದಿತು. ಎರಡು ನಿಮಿಷವಾಗಿರಬಹುದು, ಕುಂಕುಮದ ಗುಡ್ಡೆಗಳ ಮುಂದೆ ನಿಂತು ಬಣ್ಣ ಎಣಿಸುತ್ತಿದ್ದಳು. ನಾನು ಬೈದೆ, ಅವಳು ಅತ್ತಳು, ಅವಳನ್ನು ನೋಡಿ ಇವನೂ ಶುರುಮಾಡಿದ. ಬಾಳೆಕಂದು ಅಲ್ಲೇ ಎಲ್ಲೋ ಉಳಿಯಿತು.

"ಮಕ್ಕಳನ್ನ ಯಾಕಮ್ಮ ಎಳ್ಕೊಂಡು ಹೋದೆ?" ಎಂದರು ಅತ್ತೆ ಫೋನಿನಲ್ಲಿ. ಬಿಟ್ಟುಹೋಗಲು ಮನೆಯಲ್ಲಿ ಯಾರಾದರೂ ಇರಬೇಕಲ್ಲ!

ಆಮೇಲೆ ಹಬ್ಬದ ಖರೀದಿಯನ್ನು ಎರಡು ದಿನ ಮೊದಲೇ ಮುಗಿಸತೊಡಗಿದೆ. ಮಾಮೂಲಿ ದಿನವಾದರೆ ಬೆಳಿಗ್ಗೆ 8ಕ್ಕೆ, ಹೊಟ್ಟೆ ತುಂಬಾ ತಿಂಡಿ ತಿನ್ನಿಸಿಕೊಂಡು. ಮಗಳ ತೋಳಿನ ಒಳಭಾಗದಲ್ಲಿ ಬಾಲ್ ಪೆನ್ನಿನಿಂದ ನನ್ನ ನಂಬರು. ಅಮ್ಮ ಕಾಣದಿದ್ದರೆ ಹುಡುಕಿಕೊಂಡು ಓಡುವಂತಿಲ್ಲ, ನಿಂತಲ್ಲೇ ನಿಂತು ಪಕ್ಕದ ಅಂಗಡಿಯವರಿಗೆ ತೋಳು ತೋರಿಸಬೇಕು. ಮನೆಯಲ್ಲಿ ಇದನ್ನು ಆಟದಂತೆ ಆಡಿಸಿದ್ದೇನೆ.

ಮಕ್ಕಳು ಸುಮ್ಮನೆ ಜೊತೆಗೆ ಬಂದರೆ ರಗಳೆ, ಕೆಲಸಕ್ಕೆ ಬಂದರೆ ಅಲ್ಲ. ಹಾಗಾಗಿ ಮಗಳಿಗೆ 20 ರೂಪಾಯಿಯ ನಾಣ್ಯ ಕೊಟ್ಟು ಸೊಪ್ಪಿನ ಜವಾಬ್ದಾರಿ ವಹಿಸಿದೆ. ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ದುಡ್ಡು ಹೋದದ್ದು ಮಗುವಿಗೆ ಕಾಣುವುದೇ ಇಲ್ಲ. ಕೊತ್ತಂಬರಿ ಕಟ್ಟು ಮೂಸಿ ನೋಡಿ, ಹಳದಿ ಎಲೆ ಇದ್ದರೆ ವಾಪಸ್ಸಿಟ್ಟು, ಕೊನೆಗೆ "ಅಜ್ಜಿ, ಕೊಸರು?" ಎನ್ನುತ್ತಾಳೆ. ನಾನು ಕೇಳಿದರೆ ಮುಖ ಸಿಂಡರಿಸುವ ಅಜ್ಜಿ ಅವಳಿಗೆ ಹಿಡಿ ತುಂಬ ಕರಿಬೇವು ಹಾಕುತ್ತದೆ.

ಹೂವಿನ ಹತ್ತಿರವಂತೂ ದೊಡ್ಡ ವ್ಯವಹಾರ. ಎರಡು ಮೊಳ ಮಲ್ಲಿಗೆ ತಗೊಂಡು ತನ್ನ ಮೊಳಕೈಗೆ ಹಿಡಿದು ಅಳೆದಳು. ಮೂರು ಮೊಳ ಬಂತು! ಸರಿ, ಮುಂದಿನ ಸಲ "ಆಂಟಿ, ನನ್ ಕೈಯಲ್ಲೇ ಅಳೆದು ಕೊಡಿ" ಎಂದು ಹಟ. ಹೂವಿನಾಕೆ ನಕ್ಕು, "ಆಗ್ಲಿ ಕಂದ, ನಂಗೇ ಲಾಭ" ಎಂದು ಅವಳ ಕೈಯಲ್ಲೇ ಅಳೆದುಕೊಟ್ಟರು. ಮನೆ ಮುಟ್ಟುವವರೆಗೂ ಅವಳಿಗೆ ಮೋಸ ಎಲ್ಲಾಯಿತೆಂದು ಹೊಳೆಯಲಿಲ್ಲ.

ಸೂಪರ್ ಮಾರ್ಕೆಟ್ಟಿಗೆ ಮಾತ್ರ ಒಬ್ಬಳೇ ಹೋಗುತ್ತೇನೆ. ಬಿಲ್ಲಿನ ಸರದಿಯಲ್ಲಿ ಸರಿಯಾಗಿ ಮಕ್ಕಳ ಕಣ್ಣಿನ ಎತ್ತರಕ್ಕೆ ಚಾಕೊಲೇಟ್ ಜೋಡಿಸಿಟ್ಟವರ ಜೊತೆ ಹೋರಾಡುವ ಶಕ್ತಿ ನನಗಿಲ್ಲ. ಅಲ್ಲಿ ಮಗುವನ್ನು ಮಾತಾಡಿಸುವ ಅಜ್ಜಿಯೂ ಇಲ್ಲ.

ಮಗನ ವಿಷಯದಲ್ಲಿ ಇನ್ನೂ ಯಾವ ಉಪಾಯವೂ ಫಲಿಸಿಲ್ಲ. ಮುಕ್ಕಾಲು ಗಂಟೆ ಕಳೆಯಿತೋ, ಮಾರುಕಟ್ಟೆ ಪಕ್ಕದ ಚಿಕ್ಕ ಗಡಿಯಾರ ಗೋಪುರದ ಹತ್ತಿರ ನೆಲದ ಮೇಲೆ ಕೂತೇಬಿಡುತ್ತಾನೆ. ಚೀಟಿಯಲ್ಲಿ ಏನೇ ಬಾಕಿ ಇರಲಿ, ಸೊಪ್ಪಿನ ಚೀಲ ಮಗಳಿಗೆ ಕೊಟ್ಟು ಅವನನ್ನು ಸೊಂಟಕ್ಕೇರಿಸಿಕೊಂಡು ಆಟೋ ಹಿಡಿಯುತ್ತೇನೆ.