ಮೂರು ಕಂತಿನ ಬಿತ್ತನೆ, ಕಬ್ಬಿನ ತರಗು: ಮಂಡ್ಯದ ನಮ್ಮ ಹಿತ್ತಲು

ಈ ಸಲ 24 ಟೊಮೆಟೊ ಗಿಡದಿಂದ ಹೆಚ್ಚುಕಡಿಮೆ 70 ಕೆಜಿ ಹಣ್ಣು ಇಳಿಸಿದೆ. ತಕ್ಕಡಿ ಲೆಕ್ಕವಲ್ಲ, ಬುಟ್ಟಿ ಲೆಕ್ಕ. ಬೀದಿಯ ಏಳು ಮನೆಗೆ ಹಂಚಿದ್ದೇನೆ. "ತರಗು ಹಾಸುದ್ರೆ ಗೆದ್ಲು ಬತ್ತದೆ ಕನವ್ವ, ಗಿಡ ಉಳಿಯಕಿಲ್ಲ" ಅಂದಿದ್ದ ಎದುರುಮನೆ ದೊಡ್ಡವ್ವನೇ ಮೊನ್ನೆ ಬಂದು, ಆ ತರಗು (ಕಬ್ಬಿನ ಒಣ ಗರಿ) ಎಲ್ಲಿ ತರಿಸಿದೆ ಅಂತ ಕೇಳಿದರು.

ಇಲ್ಲಿಗೆ ಬರಲು ನಾಲ್ಕು ವರ್ಷ ಹಿಡಿಯಿತು. 2022ರಲ್ಲಿ ಮಳೆ ಬಿಡಲೇ ಇಲ್ಲ. ಸಮತಟ್ಟು ಮಡಿಯಲ್ಲಿ ನೀರು ನಿಂತು ಬದನೆ, ಮೆಣಸಿನ ಸಸಿಗಳ ಬುಡ ಕೊಳೆಯಿತು, ಟೊಮೆಟೊಗೆ ಅಂಗಮಾರಿ ಬಂತು. ಮರುವರ್ಷ ಬರ. ಜುಲೈನಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿದಾಗ ಹಿತ್ತಲಲ್ಲಿದ್ದದ್ದು ಎಲೆ ಮುದುಡಿದ ಆರು ಗಿಡ. ಅರ್ಧ ಕೆಜಿ ಕೊಂಡು ಮನೆಗೆ ಬಂದ ದಿನ ಅಳುವೇ ಬಂದಿತ್ತು. ಆಮೇಲೆ ಒಬ್ಬರ ಮಾತು ನಂಬಿ ಪೈಪು ನೆಟ್ಟು ಹಿತ್ತಲಿಗೆಲ್ಲ ನೆರಳುಬಲೆ ಬಿಗಿಸಿದೆ. 14 ಸಾವಿರ ಹೋಯಿತು. ಮೇ ತಿಂಗಳ ಒಂದೇ ಬಿರುಗಾಳಿಗೆ ಬಲೆ ಹರಿದು ಪಕ್ಕದ ತೆಂಗಿನಮರಕ್ಕೆ ಸಿಕ್ಕಿಕೊಂಡಿತು. ನಮ್ಮೆಜಮಾನರು ಒಂದು ಮಾತೂ ಆಡಲಿಲ್ಲ, ಅದೇ ಹೆಚ್ಚು ನೋಯಿಸಿತು.

ಒಂದೇ ಮಳೆಯನ್ನು ನಂಬುವುದನ್ನು ಅವತ್ತು ಬಿಟ್ಟೆ. ನಮ್ಮ ಕಡೆ ಮೇನಲ್ಲಿ ಗುಡುಗು ಮಳೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ದೊಡ್ಡ ಮಳೆ, ನಡುವೆ ಬರೀ ಗಾಳಿ ಮತ್ತು ತುಂತುರು. ಈಗ ಪ್ರತಿ ಬೀಜವನ್ನೂ ಮೂರು ಪಾಲು ಮಾಡುತ್ತೇನೆ. ಮಳೆ ನಕ್ಷತ್ರದ ಲೆಕ್ಕದಲ್ಲಿ ಭರಣಿಗೊಂದು (ಏಪ್ರಿಲ್ ಕೊನೆ-ಮೇ ಮೊದಲು), ರೋಹಿಣಿ ಕೊನೆಗೊಂದು (ಜೂನ್ ಮೊದಲ ವಾರ), ಪುನರ್ವಸುವಿಗೊಂದು (ಜುಲೈ). ಒಂದು ಪಾಲು ಹೋಗಿಯೇ ಹೋಗುತ್ತದೆ ಅಂತಲೇ ಲೆಕ್ಕ. ಈ ಸಲ ಮೊದಲನೆಯದು ಆಲಿಕಲ್ಲಿಗೆ ಹೋಯಿತು, ಉಳಿದೆರಡು ಕೈಹಿಡಿದವು. ತಳಿ ಅಂದರೆ ಟೊಮೆಟೊ ಅರ್ಕಾ ರಕ್ಷಕ್, ಬೆಂಡೆ ಅರ್ಕಾ ಅನಾಮಿಕಾ. ಬೀಜ ನೆನೆಸುವ ನೀರಿಗೆ ಏನು ಬೆರೆಸುತ್ತೇನೆ ಅನ್ನುವುದು ನಮ್ಮತ್ತೆ ಹೇಳಿಕೊಟ್ಟದ್ದು, ಅದು ಮನೆಯಲ್ಲೇ ಇರಲಿ.

ಮಡಿ ಮೂರಡಿ ಅಗಲ, ಒಂದು ಗೇಣು ಎತ್ತರ. ಹೆಚ್ಚಿನ ನೀರು ಕಾಲುವೆಯಲ್ಲಿ ಹರಿದು ಬಾಳೆ ಗುಂಡಿಗೆ ಬೀಳಬೇಕು. ತರಗಿನದೇ ದೊಡ್ಡ ಪಾಠ. ಕಬ್ಬು ಕಡಿದ ಗದ್ದೆಯವರು ಹೇಗೂ ಸುಡುತ್ತಾರೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಆಟೊ ಬಾಡಿಗೆ ಮುನ್ನೂರೋ ಮುನ್ನೂರೈವತ್ತೋ ಆಗಿತ್ತು. ಮೊದಲ ಸಲ ಒಣ ತರಗನ್ನು ಹಾಗೇ ಹಾಸಿದೆ. ದೊಡ್ಡವ್ವ ಹೇಳಿದಂತೆಯೇ ಗೆದ್ದಲು ಬಂತು, ಗಿಡವೂ ಹಳದಿ ತಿರುಗಿತು. ಈಗ ಸಗಣಿ ಬಗ್ಗಡದಲ್ಲಿ ತೋಯಿಸಿ ಗೋಣಿಚೀಲ ಮುಚ್ಚಿ 25 ದಿನ ಬಿಡುತ್ತೇನೆ. ಕಪ್ಪಾದ ಮೇಲೆ ನಾಲ್ಕು ಬೆರಳು ದಪ್ಪ ಹಾಸುತ್ತೇನೆ, ಬುಡದಿಂದ ಒಂದು ಮುಷ್ಟಿ ದೂರ. ದಿನಾ ಎರೆಯುತ್ತಿದ್ದ ನೀರು ಮೂರು ದಿನಕ್ಕೊಮ್ಮೆಗೆ ಇಳಿಯಿತು. ಬಿಸಿಲಲ್ಲಿ ಒಣಗಿ ಮಳೆಗೆ ಒಮ್ಮೆಲೇ ನೀರು ಕುಡಿದು ಹಣ್ಣು ಸೀಳುತ್ತಿತ್ತಲ್ಲ, ಅದು ಮುಕ್ಕಾಲು ಪಾಲು ನಿಂತಿತು. ಮಳೆಗಾಲದಲ್ಲಿ ತರಗಿನಡಿ ಬಸವನಹುಳು ಸೇರುತ್ತವೆ, ರಾತ್ರಿ ಟಾರ್ಚ್ ಹಿಡಿದು ಆಯಲೇಬೇಕು.

ಹರಿದ ಬಲೆಯನ್ನು ಎಸೆಯಲಿಲ್ಲ. ಹಗ್ಗಕ್ಕೆ ಬಳೆ ಪೋಣಿಸಿ ಪರದೆಯಂತೆ ಕಟ್ಟಿದ್ದೇನೆ. ಮಧ್ಯಾಹ್ನ ಎಳೆಯುತ್ತೇನೆ, ಮೋಡ ಕವಿದರೆ ಸರಿಸಿಬಿಡುತ್ತೇನೆ. ಖರ್ಚು ಇನ್ನೂರು ರೂಪಾಯಿ.

ಇದರ ನಡುವೆ ಅವರೆಯ ಹುಚ್ಚೂ ಹಿಡಿದಿತ್ತು. ನಾಟಿ ಅವರೆಯನ್ನು ಮೇನಲ್ಲೇ ಊರಿದೆ. ಬಳ್ಳಿ ಚಪ್ಪರ ತುಂಬಿ ಗೋಡೆ ಹತ್ತಿತು, ದೀಪಾವಳಿಯವರೆಗೂ ಒಂದು ಹೂವಿಲ್ಲ. ಹಗಲು ಕಿರಿದಾಗದೆ ಅದು ಹೂ ಬಿಡದು. ಹೆಬ್ಬಾಳ ಅವರೆ-4 ಅನ್ನುವ ಸುಧಾರಿತ ತಳಿ ಯಾವಾಗ ಹಾಕಿದರೂ ಹೂ ಬಿಡುತ್ತದೆ, ಬೇಸಗೆಯಲ್ಲೂ ಕಾಯಿ ಕಿತ್ತಿದ್ದೇನೆ. ಆದರೆ ನನ್ನ ಮೂಗಿಗೆ ಆ ಸೊಗಡು ಸಾಲದು. ಹಾಗಾಗಿ ನಾಟಿಯನ್ನು ಈಗ ಶ್ರಾವಣದಲ್ಲೇ ಊರುತ್ತೇನೆ, ಸಂಕ್ರಾಂತಿಯ ಹೊತ್ತಿಗೆ ಹಿತಕಿದ ಬೇಳೆ ಸಾರಿಗೆ ಆಗುವಷ್ಟು ಸಿಗುತ್ತದೆ.